ಚಿತ್ರ ಫೋನಿಗೆ ಬಂತು, ಕಲಾವಿದನ ಹೆಸರು ಎಲ್ಲಿ ಹೋಯಿತು? ಮ್ಯೂಸಿಯಂ ಸಂಗ್ರಹ ಆನ್‌ಲೈನ್‌ಗೆ ಬರುವುದು ಏಕೆ ಅಷ್ಟು ಕಷ್ಟ

ಒಂದು ಕೈಯಲ್ಲಿ ಉರಿಯುವ ದೀಪ, ಗಾಳಿಗೆ ಆರದಿರಲೆಂದು ಅದಕ್ಕೆ ಅಡ್ಡ ಹಿಡಿದ ಇನ್ನೊಂದು ಕೈ, ಬೆರಳುಗಳ ಸಂದಿಯಲ್ಲಿ ಸೋಸಿ ಬರುವ ಬೆಳಕು, ಸೀರೆಯುಟ್ಟ ಯುವತಿಯ ಶಾಂತ ಮುಖ. ದೀಪಾವಳಿ ಹತ್ತಿರವಾಗುತ್ತಿದ್ದಂತೆ ಈ ಚಿತ್ರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಲು ಶುರುವಾಗುತ್ತದೆ. ನಿಮಗೂ ಬಂದಿರಬಹುದು, ನೀವೂ ಯಾರಿಗಾದರೂ ಕಳುಹಿಸಿರಬಹುದು. ಜೊತೆಗಿರುವ ಒಕ್ಕಣೆಯಲ್ಲಿ ಬಹಳಷ್ಟು ಸಲ ಇದು ರಾಜಾ ರವಿವರ್ಮ ಬಿಡಿಸಿದ ಚಿತ್ರ ಎಂದಿರುತ್ತದೆ.

ಇದು ರವಿವರ್ಮನ ಚಿತ್ರ ಅಲ್ಲ. ಇದನ್ನು ಬಿಡಿಸಿದವರು ಸಾವಂತವಾಡಿ ಮೂಲದ ಕಲಾವಿದ ಎಸ್.ಎಲ್. ಹಳದಣಕರ್. 1940ರ ದಶಕದ ಮಧ್ಯದಲ್ಲಿ ಬಿಡಿಸಿದ ಜಲವರ್ಣ ಚಿತ್ರ. ದೀಪ ಹಿಡಿದು ನಿಂತವರು ಅವರ ಮಗಳು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅಂದರೆ ಈ ಚಿತ್ರ ಹುಟ್ಟುವುದಕ್ಕೆ ಸುಮಾರು ನಾಲ್ಕು ದಶಕ ಮೊದಲೇ. ಮೂಲ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯ ಜಯಚಾಮರಾಜೇಂದ್ರ ಕಲಾ ಗ್ಯಾಲರಿಯಲ್ಲಿದೆ.

ತಪ್ಪು ಹುಟ್ಟಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಅದೇ ಗ್ಯಾಲರಿಯಲ್ಲಿ ರವಿವರ್ಮನ ಚಿತ್ರಗಳೂ ಇವೆ, ಜನರಿಗೆ ಥಟ್ಟನೆ ನೆನಪಾಗುವ ಹೆಸರೂ ಅವನದೇ. ಇದಕ್ಕೆ ಹಳೆಯ ಹಿನ್ನೆಲೆಯೂ ಇದೆ. ರವಿವರ್ಮ ಶುರುಮಾಡಿದ ಛಾಪಖಾನೆಯನ್ನು ಅವನ ಕಾಲದಲ್ಲೇ ಜರ್ಮನ್ ತಂತ್ರಜ್ಞರೊಬ್ಬರಿಗೆ ಮಾರಲಾಯಿತು. ಆಮೇಲೂ ಅದು ಅವನ ಹೆಸರಿನಲ್ಲೇ ದಶಕಗಳ ಕಾಲ ದೇವರ ಪಟಗಳನ್ನು ಅಚ್ಚು ಹಾಕಿತು. ಹಾಗಾಗಿ ಯಾರದೋ ಚಿತ್ರದ ಕೆಳಗೆ ರವಿವರ್ಮನ ಹೆಸರು ಕಾಣುವ ಅಭ್ಯಾಸ ನಮ್ಮ ಮನೆಗಳಿಗೆ ವಾಟ್ಸಾಪ್ ಬರುವ ಮೊದಲೇ ಆಗಿತ್ತು.

ಇಂಥ ಫಾರ್ವರ್ಡ್‌ಗಳ ಬಗ್ಗೆ ಬರೆದಾಗಲೆಲ್ಲ ಓದುಗರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಮ್ಯೂಸಿಯಂನವರೇ ಒಂದು ಒಳ್ಳೆಯ ಫೋಟೊ ತೆಗೆದು, ಸರಿಯಾದ ಹೆಸರಿನ ಜೊತೆ ಅಂತರಜಾಲಕ್ಕೆ ಹಾಕಿಬಿಟ್ಟರೆ ಮುಗಿಯಿತಲ್ಲ? ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ನಾಲ್ಕು ಜನ ಕೂತರೆ ಒಂದು ವಾರದ ಕೆಲಸ ಅಲ್ಲವೇ? ಅಲ್ಲ. ಅಲ್ಲ ಏಕೆ ಎಂಬುದನ್ನು ನೋಡೋಣ.

ಹಳದಿಯಾದ ಹಾಲಿನ ಹುಡುಗಿ

ಮೊದಲು ನೆದರ್‌ಲೆಂಡ್ಸ್‌ನ ಒಂದು ಕಥೆ. ಆಮ್‌ಸ್ಟರ್‌ಡ್ಯಾಂನ ರೈಕ್ಸ್‌ಮ್ಯೂಸಿಯಂನಲ್ಲಿ ಯೊಹಾನೆಸ್ ವರ್ಮೀರ್ ಎಂಬ ಕಲಾವಿದ 1660ರ ಸುಮಾರಿಗೆ ಬಿಡಿಸಿದ ‘ಹಾಲು ಸುರಿಯುವ ಹುಡುಗಿ’ ಎಂಬ ತೈಲಚಿತ್ರವಿದೆ. ಅಡುಗೆಮನೆ, ಬಿಳಿ ಗೋಡೆ, ಕಿಟಕಿಯ ಬೆಳಕು, ಪಾತ್ರೆಗೆ ತೆಳುವಾಗಿ ಸುರಿಯುವ ಹಾಲು, ನೀಲಿ ಏಪ್ರನ್. ಜಗತ್ತಿನಲ್ಲಿ ಅತಿ ಹೆಚ್ಚು ಬಾರಿ ನಕಲಾದ ಚಿತ್ರಗಳಲ್ಲಿ ಇದೂ ಒಂದು.

ಅಂತರಜಾಲದಲ್ಲಿ ಇದರ ಹತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಓಡಾಡುತ್ತಿವೆ ಎಂದು ಮ್ಯೂಸಿಯಂ ಕಂಡುಕೊಂಡಿತು. ಹೆಚ್ಚಿನವು ಕಳಪೆ, ಹಳದಿ ಬಣ್ಣ ಹೊಡೆಯುವ ಪ್ರತಿಗಳು. ಆ ಬಿಳಿ ಗೋಡೆ ಅರಿಸಿನ ಬಳಿದ ಹಾಗೆ ಕಾಣುತ್ತಿತ್ತು. ಪರಿಣಾಮ ವಿಚಿತ್ರವಾಗಿತ್ತು. ಮ್ಯೂಸಿಯಂ ಅಂಗಡಿಯಲ್ಲಿ ಸರಿಯಾದ ಬಣ್ಣದ ಪೋಸ್ಟ್‌ಕಾರ್ಡ್ ನೋಡಿದವರು ಅದು ಮೂಲ ಚಿತ್ರದಂತಿದೆ ಎಂದು ನಂಬಲಿಲ್ಲ. ಅವರ ಕಣ್ಣಿಗೆ ಹಳದಿಯೇ ಅಸಲಿ, ಅಸಲಿಯೇ ನಕಲಿ.

2011ರಲ್ಲಿ ಯುರೋಪಿಯಾನ ಸಂಸ್ಥೆಯ ಒಂದು ವರದಿ ಇದನ್ನು ‘ಹಳದಿ ಹಾಲಿನ ಹುಡುಗಿಯ ಸಮಸ್ಯೆ’ ಎಂಬರ್ಥದ ಹೆಸರಿನಲ್ಲಿ ವಿವರಿಸಿತು. ಮ್ಯೂಸಿಯಂ ಪ್ರತಿಗಳನ್ನು ಅಳಿಸಲು ಓಡಾಡಲಿಲ್ಲ, ಅದು ಸಾಧ್ಯವೂ ಇರಲಿಲ್ಲ. ಬದಲಿಗೆ ತಾನೇ ಉತ್ತಮ ಗುಣಮಟ್ಟದ ಚಿತ್ರವನ್ನು ಪೂರ್ಣ ವಿವರಗಳ ಜೊತೆ ಬಿಡುಗಡೆ ಮಾಡಿತು. 2012ರಲ್ಲಿ ರೈಕ್ಸ್‌ಸ್ಟುಡಿಯೊ ಎಂಬ ತಾಣ ಆರಂಭವಾದಾಗ ಅದರಲ್ಲಿ 1,25,000 ಕಲಾಕೃತಿಗಳ ಚಿತ್ರಗಳಿದ್ದವು.

ಅಂದರೆ ಮ್ಯೂಸಿಯಂ ಸುಮ್ಮನಿದ್ದರೂ ಚಿತ್ರ ಸುಮ್ಮನಿರುವುದಿಲ್ಲ. ಬಾಗಿಲು ಮುಚ್ಚಿಟ್ಟರೆ ಜನ ಕಿಟಕಿಯಿಂದ ತೆಗೆದ ಫೋಟೊ ಹಂಚುತ್ತಾರೆ. ಮೈಸೂರಿನ ದೀಪದ ಚಿತ್ರಕ್ಕೆ ಆಗಿರುವುದೂ ಇದೇ. ಬೆಳಕಿನ ಪರಿಣಾಮ ಎದ್ದು ಕಾಣಲೆಂದು ಅದನ್ನು ಕತ್ತಲು ಮಾಡಿದ ಕೋಣೆಯಲ್ಲಿ ತೋರಿಸುತ್ತಾರೆ. ಫೋನ್ ಕ್ಯಾಮೆರಾಗಳು ಕತ್ತಲಲ್ಲಿ ತಾವಾಗಿಯೇ ಬೆಳಕು ಏರಿಸುತ್ತವೆ. ಆಗ ಸುತ್ತಲಿನ ನೆರಳು ಬೂದುಬಣ್ಣಕ್ಕೆ ತಿರುಗಿ, ದೀಪದ ಹೊಳಪು ಕಿತ್ತಳೆಯಾಗಿ, ಕಲಾವಿದ ಕಷ್ಟಪಟ್ಟು ಹಿಡಿದದ್ದೇ ಮಾಯವಾಗುತ್ತದೆ.

ಒಂದು ಫೋಟೊ ತೆಗೆಯಲು ಏನೇನು ಬೇಕು?

ಚಿತ್ರವನ್ನು ಗೋಡೆಯಿಂದ ಅಥವಾ ಕಪಾಟಿನಿಂದ ಇಳಿಸಬೇಕು. ಹಳೆಯ ಕಾಗದ ಮುಟ್ಟಿದರೆ ಮುರಿಯಬಹುದು, ಕ್ಯಾನ್‌ವಾಸ್‌ನಿಂದ ಬಣ್ಣದ ಚಕ್ಕೆ ಉದುರಬಹುದು. ಹಾಗಾಗಿ ಇದು ಕೈ ಪಳಗಿದವರು ಮಾಡಬೇಕಾದ ಕೆಲಸ. ಗಾಜಿನ ಚೌಕಟ್ಟಿದ್ದರೆ ಗಾಜಿನಲ್ಲಿ ಫೋಟೊ ತೆಗೆಯುವವರ ಮುಖವೇ ಕಾಣುತ್ತದೆ. ತೈಲಚಿತ್ರದ ಮೇಲೆ ವಾರ್ನಿಷ್ ಇದ್ದರೆ ದೀಪದ ಬಿಳಿ ಕಲೆಗಳು ಮೂಡುತ್ತವೆ. ಇವನ್ನು ತಪ್ಪಿಸಲು ದೀಪಗಳಿಗೂ ಲೆನ್ಸ್‌ಗೂ ಪೋಲರೈಸಿಂಗ್ ಫಿಲ್ಟರ್ ಹಾಕಿ, ಎರಡೂ ಕಡೆಯಿಂದ ಸಮನಾದ ಬೆಳಕು ಬೀಳಿಸಬೇಕು.

ನಮ್ಮ ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ಇನ್ನೊಂದು ಫಜೀತಿ ಇದೆ: ಚಿನ್ನದ ರೇಕು. ನೇರ ಬೆಳಕಿನಲ್ಲಿ ಅದು ಬೆಳ್ಳಗೆ ಸುಟ್ಟಂತೆ ಕಾಣುತ್ತದೆ, ಬೆಳಕು ಪೂರ್ತಿ ತಪ್ಪಿಸಿದರೆ ಕಪ್ಪಾಗಿ ಕಾಣುತ್ತದೆ. ಮೈಸೂರು ಶೈಲಿಯಲ್ಲಿ ಚಿನ್ನದಡಿಯ ಉಬ್ಬುಕೆಲಸ ತೆಳು, ತಂಜಾವೂರು ಶೈಲಿಯಲ್ಲಿ ದಪ್ಪ, ಕಲ್ಲುಗಳನ್ನೂ ಕೂರಿಸುತ್ತಾರೆ. ಎರಡನ್ನೂ ಬೇರೆ ಮಾಡಿ ಗುರುತಿಸಲು ಆ ಉಬ್ಬು ಕಾಣಬೇಕು. ಆದರೆ ನೇರವಾಗಿ ತೆಗೆದ ಫೋಟೊದಲ್ಲಿ ಎಲ್ಲವೂ ಚಪ್ಪಟೆ. ಅಂತರಜಾಲದಲ್ಲಿ ಮೈಸೂರು ಚಿತ್ರಕ್ಕೆ ತಂಜಾವೂರು ಎಂದೂ ತಂಜಾವೂರು ಚಿತ್ರಕ್ಕೆ ಮೈಸೂರು ಎಂದೂ ಹೆಸರು ಅಂಟುವುದಕ್ಕೆ ಇದೂ ಒಂದು ಕಾರಣ ಎಂದು ನಮಗನಿಸುತ್ತದೆ.

ಬಣ್ಣದ ವಿಷಯ ಬೇರೆಯೇ ಇದೆ. ಟ್ಯೂಬ್‌ಲೈಟ್, ಎಲ್‌ಇಡಿ, ಬಿಸಿಲು, ಮೂರರಲ್ಲೂ ಒಂದೇ ಸೀರೆ ಮೂರು ಬಣ್ಣ ಕಾಣುವುದು ಬಟ್ಟೆ ಅಂಗಡಿಗೆ ಹೋದವರಿಗೆಲ್ಲ ಗೊತ್ತು. ಅದಕ್ಕಾಗಿಯೇ ಮ್ಯೂಸಿಯಂ ಫೋಟೊಗ್ರಾಫರ್‌ಗಳು ಚಿತ್ರದ ಪಕ್ಕ ಸಣ್ಣ ಬಣ್ಣದ ಚೌಕಗಳಿರುವ ಪಟ್ಟಿಯನ್ನಿಟ್ಟು ಕ್ಲಿಕ್ಕಿಸುತ್ತಾರೆ. ಆ ಚೌಕಗಳ ನಿಜವಾದ ಬಣ್ಣ ಮೊದಲೇ ಅಳೆದಿಟ್ಟದ್ದು. ಅದಕ್ಕೆ ಹೊಂದಿಸಿ ಫೋಟೊದ ಬಣ್ಣ ತಿದ್ದುತ್ತಾರೆ. ಮುಂದಿನ ಸಲ ಯಾವುದಾದರೂ ಮ್ಯೂಸಿಯಂ ಫೋಟೊದ ಅಂಚಿನಲ್ಲಿ ಇಂಥ ಪಟ್ಟಿ ಕಂಡರೆ ಅದನ್ನು ಕ್ರಾಪ್ ಮಾಡಬೇಡಿ, ಆ ಫೋಟೊದ ಬಣ್ಣಕ್ಕೆ ಅದೇ ಸಾಕ್ಷಿ.

ಇನ್ನು ಗಾತ್ರ. ವರ್ಮೀರನ ಚಿತ್ರ ಅಷ್ಟೇನೂ ದೊಡ್ಡದಲ್ಲ, 45.5 ಸೆಂ.ಮೀ. ಎತ್ತರ, 41 ಸೆಂ.ಮೀ. ಅಗಲ. ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಹಿಡಿದರೆ ಸುಮಾರು 2.6 ಕೋಟಿ ಪಿಕ್ಸೆಲ್ ಆಗುತ್ತದೆ. ಬಣ್ಣದ ಮಾಹಿತಿಯನ್ನು ಕುಗ್ಗಿಸದೆ 16 ಬಿಟ್‌ನಲ್ಲಿ ಉಳಿಸಿದರೆ ಒಂದೇ ಫೈಲ್ ಸುಮಾರು 156 ಎಂಬಿ. ಇಂಥ ಹತ್ತು ಸಾವಿರ ಚಿತ್ರಗಳಿದ್ದರೆ ಒಂದೂವರೆ ಟಿಬಿ ಮೀರುತ್ತದೆ, ಭದ್ರತೆಗೆಂದು ಮೂರು ಪ್ರತಿ ಇಟ್ಟರೆ ಅದರ ಮೂರರಷ್ಟು. ಸಮಯದ ಲೆಕ್ಕ ಇನ್ನೂ ಭಾರ. ಒಂದು ಚಿತ್ರವನ್ನು ಇಳಿಸಿ, ಫೋಟೊ ತೆಗೆದು, ವಿವರ ಬರೆದು, ವಾಪಸ್ ಇಡಲು ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಚಿತ್ರಕ್ಕೆ 5,000 ಗಂಟೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 625 ದಿನ. ರಜೆ, ಕರೆಂಟ್ ಹೋಗುವುದು, ಸಿಬ್ಬಂದಿ ವರ್ಗಾವಣೆ ಇವೆಲ್ಲ ಇದರಲ್ಲಿ ಸೇರಿಲ್ಲ.

(ಮನಸ್ಸು ಮಾಡಿದರೆ ಇದನ್ನು ಎಲ್ಲಿಯವರೆಗೆ ಒಯ್ಯಬಹುದು ಎಂಬುದಕ್ಕೆ ಒಂದು ಉದಾಹರಣೆ: 2022ರ ಜನವರಿಯಲ್ಲಿ ಅದೇ ರೈಕ್ಸ್‌ಮ್ಯೂಸಿಯಂ ರೆಂಬ್ರಾಂಟ್‌ನ ‘ನೈಟ್ ವಾಚ್’ ಚಿತ್ರದ 717 ಗಿಗಾಪಿಕ್ಸೆಲ್ ಫೋಟೊ ಪ್ರಕಟಿಸಿತು. 8,439 ಬಿಡಿ ಫೋಟೊಗಳನ್ನು ಜೋಡಿಸಿ ಮಾಡಿದ್ದದು.)

ಫೋಟೊಗಿಂತ ಕಷ್ಟ, ಫೋಟೊದ ಕೆಳಗಿನ ನಾಲ್ಕು ಸಾಲು

ಇಷ್ಟೆಲ್ಲ ಆದಮೇಲೂ ನಿಮ್ಮ ಕೈಗೆ ಬರುವುದು ಒಂದು ಅಂದವಾದ ಚಿತ್ರ ಮಾತ್ರ. ಅದು ಯಾರದು, ಯಾವಾಗಿನದು, ಯಾವುದರ ಮೇಲೆ ಯಾವ ಬಣ್ಣದಲ್ಲಿ ಬಿಡಿಸಿದ್ದು, ಮ್ಯೂಸಿಯಂಗೆ ಎಲ್ಲಿಂದ ಬಂತು, ಅದರ ನೋಂದಣಿ ಸಂಖ್ಯೆ ಏನು? ಇವಿಷ್ಟೂ ಇಲ್ಲದ ಚಿತ್ರ ಅಂತರಜಾಲದಲ್ಲಿ ಅನಾಥ. ಸಿಕ್ಕವರು ತಮಗೆ ತೋಚಿದ ಹೆಸರಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದ ತಿರುಳು ಇಲ್ಲಿದೆ. ಹಣವಿದ್ದರೆ ಕ್ಯಾಮೆರಾ ತರಬಹುದು, ವಿವರಗಳನ್ನು ತರಲು ಅಂಗಡಿ ಇಲ್ಲ.

ಹಳೆಯ ಮ್ಯೂಸಿಯಂಗಳ ನೋಂದಣಿ ಪುಸ್ತಕಗಳು ತಲೆಮಾರುಗಳಿಂದ ಬೇರೆ ಬೇರೆ ಕೈಬರಹಗಳಲ್ಲಿ ಬಂದಿರುತ್ತವೆ. ಒಬ್ಬರು ‘ಸ್ತ್ರೀ ಚಿತ್ರ’ ಎಂದಷ್ಟೇ ಬರೆದಿದ್ದರೆ ಇಂದು ಅದು ಯಾವ ಸ್ತ್ರೀ ಎಂದು ಹೇಳಲು ಪರಿಣತರು ಕೂರಬೇಕು. ಸಾಂಪ್ರದಾಯಿಕ ಮೈಸೂರು ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಕಲಾವಿದರ ಸಹಿಯೇ ಇಲ್ಲ. ಅಲ್ಲಿ ‘ಕಲಾವಿದ ಗೊತ್ತಿಲ್ಲ’ ಎಂದು ಬರೆಯುವುದೇ ಪ್ರಾಮಾಣಿಕ ವಿವರ. ಆದರೆ ‘ಗೊತ್ತಿಲ್ಲ’ ಎಂಬ ಮಾತು ಫಾರ್ವರ್ಡ್ ಆಗುವುದಿಲ್ಲ, ‘ರವಿವರ್ಮ’ ಆಗುತ್ತದೆ.

ಇದರ ಮೇಲೆ ಭಾಷೆಯ ತೊಡಕು. ನಮ್ಮ ದೀಪದ ಚಿತ್ರವನ್ನೇ ನೋಡಿ. ಇಂಗ್ಲಿಷಿನಲ್ಲಿ ಅದಕ್ಕೆ ‘ಗ್ಲೋ ಆಫ್ ಹೋಪ್’ ಎಂದೂ ‘ಲೇಡಿ ವಿತ್ ದ ಲ್ಯಾಂಪ್’ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಹುಡುಕುವವರು ‘ದೀಪ ಹಿಡಿದ ಹೆಣ್ಣು’ ಎಂದೋ ‘ದೀಪದ ಮಹಿಳೆ’ ಎಂದೋ ಟೈಪ್ ಮಾಡಿಯಾರು. ಕಲಾವಿದನ ಹೆಸರನ್ನು ಹಳದಣಕರ್, ಹಲ್ದಂಕರ್, ಹಾಲ್ದಣ್‌ಕರ್ ಎಂದು ಮೂರು ರೀತಿ ಬರೆಯಬಹುದು, ಊರು ಮೈಸೂರೋ ಮೈಸೂರುವೋ ಎಂಬ ಗೊಂದಲ ಇಂಗ್ಲಿಷ್ ಕಾಗುಣಿತದಲ್ಲಿ ಇದ್ದೇ ಇದೆ. ಈ ಎಲ್ಲ ಹೆಸರುಗಳೂ ಒಂದೇ ದಾಖಲೆಗೆ ಜೋಡಣೆಯಾಗದಿದ್ದರೆ ಚಿತ್ರ ಆನ್‌ಲೈನ್‌ನಲ್ಲಿದ್ದೂ ಇಲ್ಲದಂತೆ. ಕನ್ನಡದಲ್ಲಿ ದಾಖಲೆ ಇದ್ದರೂ ಕೆಲವೊಮ್ಮೆ ಅದು ಹಳೆಯ ನುಡಿ, ಬರಹ ತಂತ್ರಾಂಶಗಳ ಕಾಲದ ಅಕ್ಷರಸಂಕೇತದಲ್ಲಿರುತ್ತದೆ. ಅಂಥ ಫೈಲನ್ನು ಯುನಿಕೋಡ್‌ಗೆ ಪರಿವರ್ತಿಸದೆ ಹಾಗೇ ಜಾಲತಾಣಕ್ಕೆ ಹಾಕಿದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಗೂಗಲ್‌ಗೂ ಅದು ಕನ್ನಡ ಎಂದು ತಿಳಿಯುವುದಿಲ್ಲ.

ನಮ್ಮಲ್ಲಿ ಪ್ರಯತ್ನಗಳು ಇಲ್ಲವೆಂದಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂಗಳಿಗಾಗಿ ಪುಣೆಯ ಸಿ-ಡ್ಯಾಕ್ ‘ಜತನ್’ ಎಂಬ ತಂತ್ರಾಂಶ ರೂಪಿಸಿತು, ಅದರ ಆಧಾರದ ಮೇಲೆ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ಎಂಬ ರಾಷ್ಟ್ರೀಯ ಪೋರ್ಟಲ್ ನಡೆಯುತ್ತಿದೆ. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ 2020ರ ಡಿಸೆಂಬರ್‌ನಲ್ಲಿ ಮೊದಲು ಆನ್‌ಲೈನ್‌ನಲ್ಲೇ ಬಾಗಿಲು ತೆರೆಯಿತು. ಕಸ್ತೂರಬಾ ರಸ್ತೆಯ ಅದರ ಕಟ್ಟಡ ಜನರಿಗೆ ತೆರೆದದ್ದು 2023ರ ಫೆಬ್ರವರಿಯಲ್ಲಿ. ಹೊಸ ಸಂಸ್ಥೆಗೆ ಇದು ಸಾಧ್ಯವಾಗುವುದಕ್ಕೂ ನೂರೈವತ್ತು ವರ್ಷದ ಕಡತಗಳನ್ನು ಹೊತ್ತ ಸಂಸ್ಥೆಗೆ ಸಾಧ್ಯವಾಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಚಿತ್ರ ಮ್ಯೂಸಿಯಂನದು, ಹಕ್ಕು ಯಾರದು?

ಚಿತ್ರ ಗೋಡೆಯ ಮೇಲಿದ್ದರೆ ಅದನ್ನು ಪ್ರಕಟಿಸುವ ಹಕ್ಕೂ ಮ್ಯೂಸಿಯಂಗೇ ಇರುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಕಾನೂನಿನಲ್ಲಿ ಅವೆರಡೂ ಬೇರೆ ಬೇರೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರಕಲೆಯ ಕಾಪಿರೈಟ್ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಆ ಎಣಿಕೆ ಮರುವರ್ಷದ ಜನವರಿ 1ರಿಂದ ಶುರು. ಕ್ಯಾನ್‌ವಾಸ್ ಕೊಂಡ ಮಾತ್ರಕ್ಕೆ ಕಾಪಿರೈಟ್ ಜೊತೆಗೆ ಬರುವುದಿಲ್ಲ. ಅದನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಣ ಕೊಟ್ಟು ಹೇಳಿ ಬರೆಸಿದ ಭಾವಚಿತ್ರಗಳಂಥ ಕೆಲವು ಸಂದರ್ಭಗಳಿಗೆ ಬೇರೆ ನಿಯಮವಿದೆ.

ಲೆಕ್ಕ ಹಾಕಿ ನೋಡಿ. ರವಿವರ್ಮನ ಚಿತ್ರಗಳು ಎಂದೋ ಸಾರ್ವಜನಿಕ ಸ್ವತ್ತಾಗಿವೆ, ಯಾರು ಬೇಕಾದರೂ ಬಳಸಬಹುದು. ನಮ್ಮ ಕೆ. ವೆಂಕಟಪ್ಪ 1965ರಲ್ಲಿ ತೀರಿಕೊಂಡರು, ಅವರ ಚಿತ್ರಗಳ ಅವಧಿ 2025ರ ಡಿಸೆಂಬರ್ 31ರವರೆಗೆ. 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರದು 2056ರ ಕೊನೆಯವರೆಗೆ. ಹಳದಣಕರ್ ತೀರಿಕೊಂಡದ್ದು 1968ರಲ್ಲಿ, ಹಾಗಾಗಿ ಅವರ ಚಿತ್ರಗಳ ಮೇಲಿನ ಹಕ್ಕು 2028ರ ಕೊನೆಯವರೆಗೂ ಇದೆ.

ಇಲ್ಲೊಂದು ಸೂಕ್ಷ್ಮವಿದೆ. ದೀಪದ ಚಿತ್ರಕ್ಕೆ ರವಿವರ್ಮನ ಹೆಸರು ಅಂಟಿದರೆ ಕಲಾವಿದನಿಗೆ ಸಲ್ಲಬೇಕಾದ ಗೌರವ ತಪ್ಪುವುದಷ್ಟೇ ಅಲ್ಲ, ಹಕ್ಕು ಮುಗಿಯದ ಚಿತ್ರ ಹಕ್ಕು ಮುಗಿದ ಚಿತ್ರದಂತೆ ಕಾಣತೊಡಗುತ್ತದೆ. ಕ್ಯಾಲೆಂಡರ್, ಕಪ್ಪು, ಫೋನ್ ಕವರ್ ಮಾಡಿ ಮಾರುವವರಿಗೆ ಆ ತಪ್ಪು ಬಹಳ ಅನುಕೂಲ.

ಹಳೆಯ ಚಿತ್ರದ ಹೊಸ ಫೋಟೊ ಮೇಲೆ ಮ್ಯೂಸಿಯಂ ಹಕ್ಕು ಸಾಧಿಸಬಹುದೇ ಎಂಬುದು ಮತ್ತೊಂದು ಜಗಳ. 1999ರಲ್ಲಿ ಅಮೆರಿಕದ ಒಂದು ನ್ಯಾಯಾಲಯ, ಹಕ್ಕು ಮುಗಿದ ಚಿತ್ರವನ್ನು ಇದ್ದಹಾಗೇ ತೆಗೆದ ಫೋಟೊಗೆ ಹೊಸ ಕಾಪಿರೈಟ್ ಇಲ್ಲ ಎಂದಿತು. ಯುರೋಪಿಯನ್ ಒಕ್ಕೂಟವೂ 2019ರ ನಿರ್ದೇಶನದಲ್ಲಿ ಅದೇ ದಾರಿ ಹಿಡಿಯಿತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ 3,75,000ಕ್ಕೂ ಹೆಚ್ಚು ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಳಸಲು ಬಿಟ್ಟಿತು. ಫೋಟೊ ಮಾರಿ ಬರುವ ಸಣ್ಣ ಆದಾಯವನ್ನೇ ನೆಚ್ಚಿಕೊಂಡ ಮ್ಯೂಸಿಯಂಗಳಿಗೆ ಇಂಥ ನಿರ್ಧಾರ ಸುಲಭವಲ್ಲ, ಅವರನ್ನು ಜಿಪುಣರೆಂದು ಬೈಯುವುದು ನ್ಯಾಯವೂ ಅಲ್ಲ.

ಹಾಕಿದ ಮೇಲೆ ಕಾಯುವುದು

ಒಮ್ಮೆ ಹಾಕಿದರೆ ಶಾಶ್ವತವಾಗಿ ಇರುತ್ತದೆ ಎಂಬ ನಂಬಿಕೆಯೂ ಹುಸಿ. 2023ರ ಅಕ್ಟೋಬರ್‌ನಲ್ಲಿ ಲಂಡನ್‌ನ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದು, ಅಲ್ಲಿನ ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಓದುಗರಿಗೆ ಸಿಗಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯ ಪಾಡೇ ಹೀಗಾದರೆ, ಗುತ್ತಿಗೆಗೆ ಜಾಲತಾಣ ಮಾಡಿಸಿ ಗುತ್ತಿಗೆ ಮುಗಿದ ಮೇಲೆ ನೋಡುವವರಿಲ್ಲದ ಸಣ್ಣ ಸಂಸ್ಥೆಗಳ ಪಾಡು ಹೇಳಬೇಕಿಲ್ಲ.

ಹಾಗಾದರೆ ಇಷ್ಟು ಕಷ್ಟಪಡಬೇಕೇ?

ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ದೇವಸ್ಥಾನದಿಂದ ಒಂದು ಚೋಳರ ಕಾಲದ ಕಂಚಿನ ನಟರಾಜ ವಿಗ್ರಹ ಕಳುವಾಗಿತ್ತು. 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಅದನ್ನು ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಜೊತೆಗೆ ಬಂದ ಕಾಗದಪತ್ರಗಳು ವಿಗ್ರಹ ಬಹಳ ಹಿಂದೆಯೇ ಭಾರತ ಬಿಟ್ಟಿತ್ತು ಎನ್ನುತ್ತಿದ್ದವು. ಆದರೆ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಊರೂರು ಸುತ್ತಿ ದೇವಸ್ಥಾನಗಳ ವಿಗ್ರಹಗಳನ್ನು ಫೋಟೊ ತೆಗೆದು, ಊರು ಮತ್ತು ವರ್ಷ ಬರೆದು ಇಟ್ಟಿದ್ದರು. 1994ರ ಫೋಟೊದಲ್ಲಿ ಅದೇ ನಟರಾಜ ಅದೇ ದೇವಸ್ಥಾನದಲ್ಲಿ ಇದ್ದ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಾಗದಪತ್ರ ಸುಳ್ಳೆಂದು ಬಯಲಾಯಿತು. 2014ರ ಸೆಪ್ಟೆಂಬರ್‌ನಲ್ಲಿ ವಿಗ್ರಹ ಭಾರತಕ್ಕೆ ಮರಳಿತು.

ಆ ಫೋಟೊ ಕಲಾತ್ಮಕವೇನೂ ಆಗಿರಬೇಕಿರಲಿಲ್ಲ. ವಿಗ್ರಹವನ್ನು ವಾಪಸ್ ತಂದದ್ದು ಅದರ ಜೊತೆ ಬರೆದಿಟ್ಟ ಊರಿನ ಹೆಸರು ಮತ್ತು ವರ್ಷ. ಅದೇ ಫೋಟೊ ‘ಪುರಾತನ ಅದ್ಭುತ ನಟರಾಜ’ ಎಂಬ ಒಕ್ಕಣೆಯೊಂದಿಗೆ ಮಾತ್ರ ಉಳಿದಿದ್ದರೆ ಯಾವ ನ್ಯಾಯಾಲಯವೂ ಅದನ್ನು ಸಾಕ್ಷಿ ಎಂದು ಒಪ್ಪುತ್ತಿರಲಿಲ್ಲ.

ನಿಮ್ಮ ಫೋನಿನಲ್ಲಿ ಏನಾಗುತ್ತದೆ?

ಮ್ಯೂಸಿಯಂಗಳು ಒಳ್ಳೆಯ ಚಿತ್ರದ ಫೈಲಿನೊಳಗೇ ಕಲಾವಿದನ ಹೆಸರು, ನೋಂದಣಿ ಸಂಖ್ಯೆ ಮುಂತಾದ ಮಾಹಿತಿ ಸೇರಿಸಿರುತ್ತವೆ. ವಾಟ್ಸಾಪ್‌ನಲ್ಲಿ ಅದನ್ನು ಸಾಮಾನ್ಯ ಫೋಟೊ ಆಗಿ ಕಳುಹಿಸಿದಾಗ ಚಿತ್ರ ಕುಗ್ಗುತ್ತದೆ, ಒಳಗಿನ ಮಾಹಿತಿಯೂ ಬಹುತೇಕ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಫೈಲ್ ಇದ್ದಹಾಗೇ ತಲುಪುತ್ತದೆ. ಅದಕ್ಕಿಂತ ಸುಲಭ, ಮ್ಯೂಸಿಯಂ ಪುಟದ ಲಿಂಕ್ ಕಳುಹಿಸುವುದು.

ಸಂಶಯ ಬಂದಾಗ ಗೂಗಲ್ ಲೆನ್ಸ್‌ನಲ್ಲಿ ಹುಡುಕುವ ಅಭ್ಯಾಸ ಈಗ ಬಹಳ ಜನರಿಗೆ ಇದೆ, ಒಳ್ಳೆಯದೇ. ಆದರೆ ಲೆನ್ಸ್ ತೋರಿಸುವುದು ಅಂಥ ಚಿತ್ರ ಎಲ್ಲೆಲ್ಲಿ ಇದೆ ಎಂಬುದನ್ನು, ಯಾರು ಸರಿ ಎಂಬುದನ್ನಲ್ಲ. ಸಾವಿರ ಪುಟಗಳು ರವಿವರ್ಮ ಎಂದಿದ್ದರೆ ಮೊದಲ ಸಾಲಿನಲ್ಲಿ ರವಿವರ್ಮನೇ ಬರುತ್ತಾನೆ. ಹಾಗಾಗಿ ಫಲಿತಾಂಶಗಳ ಪಟ್ಟಿಯಲ್ಲಿ ಸ್ವಲ್ಪ ಕೆಳಗಿಳಿದು, ಚಿತ್ರವನ್ನು ಇಟ್ಟುಕೊಂಡಿರುವ ಸಂಸ್ಥೆಯದೇ ಪುಟ ಇದೆಯೇ, ಅದರಲ್ಲಿ ಅಳತೆ, ಮಾಧ್ಯಮ, ನೋಂದಣಿ ಸಂಖ್ಯೆ ಕೊಟ್ಟಿದ್ದಾರೆಯೇ ಎಂದು ನೋಡಿ. ಎಐ ಬಳಸಿ ಹುಟ್ಟಿಸಿದ ‘ಸಾವಿರ ವರ್ಷದ ಶಿಲ್ಪ’ಗಳು ಈಗ ದಿನವೂ ಬರುತ್ತಿವೆ. ಅವಕ್ಕೆ ಕೈಬೆರಳುಗಳ ಸಂಖ್ಯೆ ಸರಿ ಇರಬಹುದು, ಕಲ್ಲಿನ ಸವೆತವೂ ಸರಿ ಇರಬಹುದು. ಆದರೆ ನೋಂದಣಿ ಸಂಖ್ಯೆ ಹೇಳಿ ಯಾವ ಮ್ಯೂಸಿಯಂಗೂ ಫೋನ್ ಮಾಡಿ ವಿಚಾರಿಸಲು ಆಗುವುದಿಲ್ಲ.

ದೀಪದ ಚಿತ್ರ ಮುಂದಿನ ದೀಪಾವಳಿಗೂ ಬರುತ್ತದೆ. ಒಕ್ಕಣೆಯಲ್ಲಿ ಇಷ್ಟು ಸೇರಿಸಿ ಕಳುಹಿಸಬಹುದು: ಎಸ್.ಎಲ್. ಹಳದಣಕರ್, ಜಲವರ್ಣ, 1940ರ ದಶಕ, ಜಯಚಾಮರಾಜೇಂದ್ರ ಕಲಾ ಗ್ಯಾಲರಿ, ಜಗನ್ಮೋಹನ ಅರಮನೆ, ಮೈಸೂರು.